ದುಬಾರಿ ಕಸ್ಟಮ್ ಬೇಸ್ ಗಿಟಾರ್: ಕೊಟ್ಟ ಹಣಕ್ಕೆ ಕೈಗೆ ದಕ್ಕುವುದೇನು?

ತಗ್ಗಿನ ಸ್ವರಗಳನ್ನು ನುಡಿಸುವ ನಾಲ್ಕು ತಂತಿಯ ಬೇಸ್ ಗಿಟಾರಿನ ಅತಿ ದಪ್ಪ ಇ ತಂತಿಯನ್ನು ಎಲ್ಲೂ ಒತ್ತದೆ ಖಾಲಿಯಾಗಿ ಮೀಟಿದರೆ ಅದು ಸೆಕೆಂಡಿಗೆ ಸುಮಾರು 41 ಬಾರಿ ಕಂಪಿಸುತ್ತದೆ. ಮೂವತ್ತು ಸಾವಿರ ರೂಪಾಯಿಯ ವಾದ್ಯದಲ್ಲೂ ಅಷ್ಟೇ, ಎಂಟು ಹತ್ತು ಲಕ್ಷ ರೂಪಾಯಿಯ ವಾದ್ಯದಲ್ಲೂ ಅಷ್ಟೇ. ತಂತಿಯ ಕಂಪಿಸುವ ಉದ್ದ ಎರಡರಲ್ಲೂ ಬಹುಮಟ್ಟಿಗೆ 34 ಇಂಚು. ಹೀಗಿರುವಾಗ ಬೆಲೆಯಲ್ಲಿ ಇಪ್ಪತ್ತು ಮೂವತ್ತು ಪಟ್ಟು ಅಂತರ ಎಲ್ಲಿಂದ ಬರುತ್ತದೆ, ಆ ಅಂತರದಲ್ಲಿ ನುಡಿಸುವವನ ಪಾಲಿಗೆ ಬರುವುದೆಷ್ಟು, ನೋಡುವವನ ಪಾಲಿಗೆ ಹೋಗುವುದೆಷ್ಟು ಎಂಬುದನ್ನು ಬಿಡಿಸಿ ನೋಡದೆ ಕಸ್ಟಮ್ ವಾದ್ಯಕ್ಕೆ, ಅಂದರೆ ಒಬ್ಬರ ಬೇಡಿಕೆಯ ಅಳತೆಗೆ ಮಾಡಿಕೊಡುವ ವಾದ್ಯಕ್ಕೆ, ಮುಂಗಡ ಕಟ್ಟುವುದು ಸರಿಯಲ್ಲ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ: ಈಗ ಕೈಯಲ್ಲಿರುವ ಬೇಸ್ ಎಲ್ಲಿ ಸಾಲುತ್ತಿಲ್ಲ ಎಂಬುದನ್ನು ಮಿಲಿಮೀಟರಿನಲ್ಲೋ, ಗ್ರಾಮಿನಲ್ಲೋ, ಇಂತಹ ತಂತಿಯ ಇಂತಹ ಫ್ರೆಟ್ (ಸ್ವರಸ್ಥಾನದ ಲೋಹದ ಮೆಟ್ಟಿಲು) ಎಂದೋ ಹೇಳಬಲ್ಲವರಿಗೆ ಕಸ್ಟಮ್ ವಾದ್ಯ ಬೆಲೆ ಬಾಳುತ್ತದೆ. ‘ಇನ್ನೂ ಒಳ್ಳೆಯ ನಾದ ಬೇಕು’ ಎನ್ನುವುದಷ್ಟೇ ಬೇಡಿಕೆಯಾಗಿದ್ದರೆ ಅದಕ್ಕೆ ಅಷ್ಟು ಹಣ ಬೇಕಾಗಿಲ್ಲ.

ನಾದದ ವಿಚಾರವನ್ನೇ ಮೊದಲು ತೆಗೆದುಕೊಳ್ಳೋಣ, ಏಕೆಂದರೆ ಹೆಚ್ಚಿನವರು ಹಣ ಕೊಡಲು ಹೊರಡುವುದು ಅದಕ್ಕಾಗಿಯೇ. ಅಮೆರಿಕದ ವಾದ್ಯ ತಯಾರಕ ಲಿಯೋ ಫೆಂಡರ್ 1951ರಲ್ಲಿ ಪ್ರೆಸಿಷನ್ ಬೇಸ್ ಅನ್ನೂ 1960ರಲ್ಲಿ ಜಾಝ್ ಬೇಸ್ ಅನ್ನೂ ಮಾರುಕಟ್ಟೆಗೆ ತಂದರು. ಎರಡೂ ಕ್ಯಾಲಿಫೋರ್ನಿಯಾದ ಕಾರ್ಖಾನೆಯಲ್ಲಿ ಸಾಲುಸಾಲಾಗಿ ತಯಾರಾದ ಸಾಮಾನುಗಳು. ಯಾರೊಬ್ಬರ ಕೈಗೂ ಅಳತೆ ತೆಗೆದು ಮಾಡಿದವುಗಳಲ್ಲ. ಅಮೆರಿಕದ ಮೋಟೌನ್ ಸಂಗೀತ ಸಂಸ್ಥೆಯ ಧ್ವನಿಮುದ್ರಣಗಳಲ್ಲಿ ಬೇಸ್ ವಾದಕ ಜೇಮ್ಸ್ ಜೇಮರ್ಸನ್ ಹೆಚ್ಚಾಗಿ ನುಡಿಸಿದ್ದು 1962ರ ಪ್ರೆಸಿಷನ್ ಬೇಸ್. ಅದರ ಮೇಲೆ ನುಣುಪಾದ ಫ್ಲಾಟ್‌ವೌಂಡ್ ತಂತಿಗಳಿದ್ದವು, ಅವುಗಳನ್ನು ಅವರು ಬದಲಿಸುತ್ತಲೇ ಇರಲಿಲ್ಲ, ಮೀಟಿದ್ದು ಬಲಗೈಯ ತೋರುಬೆರಳೊಂದರಿಂದ. ಇನ್ನೊಬ್ಬ ಬೇಸ್ ವಾದಕ ಜಾಕೊ ಪಾಸ್ಟೋರಿಯಸ್ ಅವರ ಹಾಡುವಂತಹ ನಾದ ಬಂದದ್ದು ಫ್ರೆಟ್‌ಗಳನ್ನು ಕಿತ್ತು, ಸೀಳುಗಳನ್ನು ತುಂಬಿ, ಮೇಲೆ ಎಪಾಕ್ಸಿ ಎಂಬ ಗಟ್ಟಿ ರಾಳ ಬಳಿದ 1962ರ ಜಾಝ್ ಬೇಸ್‌ನಿಂದ. ಬೇಸ್ ನಾದ ಎಂದಾಗ ನಾವು ಮನಸ್ಸಿನಲ್ಲಿ ಕೇಳಿಸಿಕೊಳ್ಳುವ ಎರಡು ದೊಡ್ಡ ಮಾದರಿಗಳು ಕಾರ್ಖಾನೆಯ ವಾದ್ಯ, ಹಳೆಯ ತಂತಿ, ಮತ್ತು ಯಾರಿಗೂ ಮಾರಲಾಗದ ಬೆರಳುಗಳಿಂದ ಹುಟ್ಟಿದವು.

ವಿದ್ಯುತ್ ಬೇಸ್‌ನಲ್ಲಿ ನಾದವನ್ನು ಅತಿ ಹೆಚ್ಚು ಬದಲಿಸುವ ಸಂಗತಿಗಳು ಅಗ್ಗದವೇ ಎಂಬುದು ಕೊಳ್ಳುವವರಿಗೆ ಒಂದು ಸಮಾಧಾನ. ತಂತಿಯ ಬಗೆ, ಮೀಟುವ ಜಾಗ, ಪಿಕಪ್ (ತಂತಿಯ ಕಂಪನವನ್ನು ವಿದ್ಯುತ್ ಸಂಕೇತವಾಗಿಸುವ ಭಾಗ) ಕುಳಿತಿರುವ ಜಾಗ, ಈ ಮೂರರ ಮುಂದೆ ಬಾಡಿಯ ಮರದ ಪಾತ್ರ ಬಹಳ ಸಣ್ಣದು. 1970ರ ದಶಕದಲ್ಲಿ ಫೆಂಡರ್ ಜಾಝ್ ಬೇಸ್‌ನ ಹಿಂದಿನ ಪಿಕಪ್ ಅನ್ನು ತಂತಿಗಳು ಒರಗುವ ಕುದುರೆಯ ಕಡೆಗೆ ಅರ್ಧ ಇಂಚಿಗೂ ಕಡಿಮೆ ದೂರ ಸರಿಸಿತು. ಅಷ್ಟು ಸರಿಸಿದ್ದರಿಂದಲೇ ಹೆಬ್ಬೆರಳಿನಿಂದ ಬಡಿದು ನುಡಿಸುವ ಶೈಲಿಗೆ ಒಗ್ಗುವ ಚುರುಕಾದ, ಗರಿಗರಿಯಾದ ನಾದ ಬಂತು. ಬೇಸ್ ವಾದಕ ಮಾರ್ಕಸ್ ಮಿಲ್ಲರ್ ಅವರ 1977ರ ಜಾಝ್ ಬೇಸ್ ಅದಕ್ಕೆ ಹೆಸರುವಾಸಿಯಾದ ಉದಾಹರಣೆ. ಪಿಕಪ್ ಅನ್ನು ಅಲ್ಲಿ ಕೂರಿಸುವುದಕ್ಕೂ ಇಲ್ಲಿ ಕೂರಿಸುವುದಕ್ಕೂ ತಯಾರಕನಿಗೆ ತಗಲುವ ಖರ್ಚು ಒಂದೇ.

ಹಾಗಾದರೆ ಹೆಚ್ಚಿನ ಹಣ ಹೋಗುವುದೆಲ್ಲಿಗೆ? ಪ್ರಾಮಾಣಿಕವಾದ ಕಾರ್ಯಾಗಾರದಲ್ಲಿ ಅದು ಹೋಗುವುದು ನೆಕ್‌ಗೆ, ಅಂದರೆ ಬೆರಳಾಡುವ ಉದ್ದನೆಯ ಹಿಡಿಗೆ. ವೀಣೆ ಬಲ್ಲವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ: ಕೊಡ ಎಷ್ಟೇ ಚೆನ್ನಾಗಿರಲಿ, ಮೇಣದ ಮೇಲೆ ಮೆಟ್ಟಿಲು ಕೂರಿಸಿ ಮೇಳ ಕಟ್ಟಿದವನ ಕೈ ಸರಿ ಇಲ್ಲದಿದ್ದರೆ ವೀಣೆ ನುಡಿಯುವುದಿಲ್ಲ. ಬೇಸ್‌ನಲ್ಲಿ ಫ್ರೆಟ್‌ಗಳು ಮೇಣದ ಮೇಲಲ್ಲದೆ ಮರದ ಸೀಳಿನಲ್ಲಿ ಕೂರುತ್ತವೆ ಎನ್ನುವುದನ್ನು ಬಿಟ್ಟರೆ ಸಮಸ್ಯೆ ಅದೇ. ನಾಲ್ಕು ತಂತಿಗಳ ಎಳೆತ ಒಟ್ಟು ಎಪ್ಪತ್ತು ಎಂಬತ್ತು ಕಿಲೋ ತೂಕದಷ್ಟಿರುತ್ತದೆ. ಆ ಭಾರವನ್ನು ಉದ್ದವಾದ ತೆಳು ಮರದ ಪಟ್ಟಿಯೊಂದು ವರ್ಷಗಟ್ಟಲೆ ತಡೆಯಬೇಕು. ಒಳ್ಳೆಯ ಕಾರ್ಯಾಗಾರ ಮೇಪಲ್ ಮರವನ್ನು ವರ್ಷಗಟ್ಟಲೆ ಒಣಗಿಸುತ್ತದೆ, ಎಳೆಗಳು ನೆಟ್ಟಗೆ ನಿಲ್ಲುವಂತೆ ಸೀಳಿದ ತುಂಡನ್ನು ಆರಿಸುತ್ತದೆ, ನೆಕ್‌ನ ಬಾಗು ತಿದ್ದಲು ಒಳಗಿರುವ ಲೋಹದ ಸರಳಾದ ಟ್ರಸ್ ರಾಡ್‌ನ ಎರಡೂ ಪಕ್ಕದಲ್ಲಿ ಕಾರ್ಬನ್ ಫೈಬರ್ ಕಡ್ಡಿಗಳನ್ನು ಹುದುಗಿಸುತ್ತದೆ, ಕೆತ್ತಿದ ಮೇಲೆ ಕೆಲವು ವಾರ ಸುಮ್ಮನೆ ಇಟ್ಟು ಮರ ಎತ್ತ ವಾಲುತ್ತದೆಂದು ನೋಡಿ ಮತ್ತೆ ಕೆತ್ತುತ್ತದೆ. ಈ ಕಾಯುವಿಕೆಯೇ ದುಬಾರಿ. ದಿನಕ್ಕೆ ನೂರಾರು ನೆಕ್ ಹೊರತರುವ ಕಾರ್ಖಾನೆ ಹೀಗೆ ಕಾಯಲಾರದು.

ನೆಕ್‌ನ ಗುಣವನ್ನು ಅಳೆಯುವ ಪರೀಕ್ಷೆ ಸರಳವಾಗಿದೆ, ಅಂಗಡಿಯಲ್ಲೇ ಮಾಡಬಹುದು. ಆಂಪ್ಲಿಫೈಯರ್‌ಗೆ ಜೋಡಿಸದೆ, ಬಾಡಿಯ ಮೇಲ್ಕೊಂಬಿಗೆ ಕಿವಿ ಹಚ್ಚಿ, ಅತಿ ತೆಳುವಾದ ಜಿ ತಂತಿಯನ್ನು ಮೂರನೇ ಫ್ರೆಟ್‌ನಿಂದ ಹನ್ನೆರಡನೆಯವರೆಗೆ ಒಂದೊಂದಾಗಿ ಒಂದೇ ಬಲದಿಂದ ಮೀಟಿ, ಪ್ರತಿ ಸ್ವರ ಎಷ್ಟು ಸೆಕೆಂಡ್ ನಿಲ್ಲುತ್ತದೆಂದು ಎಣಿಸಿ. ನಾಲ್ಕನೇ ಫ್ರೆಟ್‌ನ ಸ್ವರ ಎಂಟು ಸೆಕೆಂಡ್ ನಿಲ್ಲುತ್ತದೆ ಎಂದಿಟ್ಟುಕೊಳ್ಳಿ; ಐದರಿಂದ ಏಳನೇ ಫ್ರೆಟ್‌ನ ನಡುವೆ ಎಲ್ಲೋ ಒಂದು ಸ್ವರ ಎರಡೇ ಸೆಕೆಂಡಿಗೆ, ಒದ್ದೆ ಬಟ್ಟೆಯ ಮೇಲೆ ಬಡಿದ ಹಾಗೆ, ಉಡುಗಿಹೋಗುತ್ತದೆ. ಬೇಸ್ ನುಡಿಸುವವರು ಇದನ್ನು ಡೆಡ್ ಸ್ಪಾಟ್ ಎನ್ನುತ್ತಾರೆ. ಆ ಸ್ವರದ ಕಂಪನವೂ ನೆಕ್‌ನ ಸ್ವಂತ ಕಂಪನವೂ ಹತ್ತಿರ ಹತ್ತಿರ ಬಂದಾಗ ತಂತಿಯ ಶಕ್ತಿಯನ್ನು ನೆಕ್ ಹೀರಿಕೊಂಡುಬಿಡುತ್ತದೆ. ಅದಕ್ಕೇ ಬಿರಡೆಗಳಿರುವ ತಲೆಗೆ ಒಂದು ಭಾರವಾದ ಕ್ಲ್ಯಾಂಪ್ ಹಾಕಿದರೆ ಆ ಸತ್ತ ಜಾಗ ಒಂದು ಫ್ರೆಟ್ ಆಚೀಚೆ ಸರಿಯುತ್ತದೆ. ಬಿಗಿಯಾದ ನೆಕ್‌ನಲ್ಲಿ ಇದು ಕಡಿಮೆಯಾಗುತ್ತದೆ, ಸಂಪೂರ್ಣವಾಗಿ ಹೋಗುತ್ತದೆ ಎಂಬ ಖಾತರಿ ಇಲ್ಲ. ಲಕ್ಷಗಟ್ಟಲೆ ಬೆಲೆಯ ವಾದ್ಯಗಳಲ್ಲೂ ನಾನು ಇದನ್ನು ಕಂಡಿದ್ದೇನೆ. ಆದ್ದರಿಂದ ಈ ಪರೀಕ್ಷೆಯನ್ನು ಬೆಲೆಗೆ ಹೆದರಿ ಬಿಡಬಾರದು. ಬೆಲೆ ಹೆಚ್ಚಿದಷ್ಟೂ ಇನ್ನಷ್ಟು ನಿಧಾನವಾಗಿ ಮಾಡಬೇಕು.

ಫ್ರೆಟ್‌ಗಳ ಸಮತಲದ ಮಾತು ಬೇರೆ. ಅದು ದುಬಾರಿ ವಾದ್ಯದಲ್ಲಿ ಸಿಗುವುದು ನಿಜ, ಆದರೆ ಅದಕ್ಕಾಗಿ ದುಬಾರಿ ವಾದ್ಯ ಕೊಳ್ಳಬೇಕಾಗಿಲ್ಲ. ಅನುಭವಿ ರಿಪೇರಿಗಾರನೊಬ್ಬ ಮಧ್ಯಮ ಬೆಲೆಯ ಬೇಸ್‌ನ ಫ್ರೆಟ್‌ಗಳ ಮೇಲೆ ಉಕ್ಕಿನ ನೇರ ಪಟ್ಟಿ ಇಟ್ಟು, ಎತ್ತರವಾದವನ್ನು ಉಜ್ಜಿ, ಮತ್ತೆ ದುಂಡಗೆ ಮಾಡಿ, ತಲೆಯ ಬಳಿ ತಂತಿಗಳು ಹಾದುಹೋಗುವ ನಟ್ ಎಂಬ ಪಟ್ಟಿಯ ಕಚ್ಚುಗಳನ್ನು ತಗ್ಗಿಸಿ ಕೊಟ್ಟರೆ ಕೆಲವು ಸಾವಿರ ರೂಪಾಯಿಯಲ್ಲಿ ವಾದ್ಯದ ನಡತೆಯೇ ಬದಲಾಗುತ್ತದೆ. ಹೊಸ ಬೇಸ್ ಬೇಕೆಂದು ಹೊರಟ ಹಲವರಿಗೆ ನಿಜಕ್ಕೂ ಬೇಕಾಗಿದ್ದುದು ಇಷ್ಟೇ. ಮೊದಲು ಇದನ್ನು ಮಾಡಿಸಿ, ಮೂರು ತಿಂಗಳು ನುಡಿಸಿ, ಆಮೇಲೂ ಕೊರತೆ ಉಳಿದರೆ ಮುಂದಿನ ಮಾತು.

ಒಂದೇ ವಿನ್ಯಾಸ ಬೇರೆ ಬೇರೆ ಬೆಲೆಗಳಲ್ಲಿ ಹೇಗೆ ಬದಲಾಗುತ್ತದೆ ಎಂದು ನೋಡಲು ಸಡೌಸ್ಕಿ ಹೆಸರಿನ ಬೇಸ್‌ಗಳು ಅನುಕೂಲವಾಗಿವೆ. ರೋಜರ್ ಸಡೌಸ್ಕಿ 1979ರಲ್ಲಿ ನ್ಯೂಯಾರ್ಕ್‌ನಲ್ಲಿ ಕಾರ್ಯಾಗಾರ ತೆರೆದವರು. ಮೇಲೆ ಹೇಳಿದ ಮಾರ್ಕಸ್ ಮಿಲ್ಲರ್ ಅವರ ಜಾಝ್ ಬೇಸ್‌ಗೆ ಪ್ರೀಆಂಪ್ (ಸಂಕೇತವನ್ನು ಬಲಪಡಿಸಿ ನಾದ ತಿದ್ದುವ ವಿದ್ಯುತ್ ಮಂಡಲ) ಅಳವಡಿಸಿ ತಿದ್ದಿದವರೂ ಅವರೇ. ಅವರ ಹೆಸರಿನಲ್ಲಿ ನ್ಯೂಯಾರ್ಕ್‌ನ ಕಸ್ಟಮ್ ವಾದ್ಯಗಳು, ಜರ್ಮನಿಯಲ್ಲಿ ವಾರ್ವಿಕ್ ಸಂಸ್ಥೆ ತಯಾರಿಸಿದ ಮೆಟ್ರೋಲೈನ್, ಚೀನಾದಲ್ಲಿ ತಯಾರಾದ ಮೆಟ್ರೋಎಕ್ಸ್‌ಪ್ರೆಸ್ ಬಂದಿವೆ. ಬಾಡಿಯ ಆಕಾರ, ಪಿಕಪ್‌ಗಳ ವಿನ್ಯಾಸ, ಕಡಿಮೆ ಮತ್ತು ಹೆಚ್ಚಿನ ಆವರ್ತನಗಳನ್ನು ಏರಿಸಲಷ್ಟೇ ಬರುವ ಪ್ರೀಆಂಪ್‌ನ ಕಲ್ಪನೆ, ಮೂರರಲ್ಲೂ ಒಂದೇ ಮನಸ್ಸಿನಿಂದ ಬಂದವು. ಚೀನಾದ ಮಾದರಿಯಿಂದ ಜರ್ಮನಿಯದಕ್ಕೆ ಏರಿದಾಗ ಬೆಲೆ ಹಲವು ಪಟ್ಟಾಗುತ್ತದೆ, ಜೊತೆಗೆ ಫ್ರೆಟ್ ಕೆಲಸ, ಮರದ ಆಯ್ಕೆ, ಬಿಡಿಭಾಗಗಳ ಗುಣಮಟ್ಟ ಕೈಗೆ ತಿಳಿಯುವಷ್ಟು ಏರುತ್ತವೆ. ಜರ್ಮನಿಯದರಿಂದ ನ್ಯೂಯಾರ್ಕ್‌ಗೆ ಏರಿದಾಗ ಸಿಗುವುದು ಹೆಚ್ಚಾಗಿ ಆಯ್ಕೆಯ ಸ್ವಾತಂತ್ರ್ಯ: ನಿಮಗೆ ಬೇಕಾದ ತೂಕ, ನಿಮಗೆ ಬೇಕಾದ ನೆಕ್, ನಿಮಗೆ ಬೇಕಾದ ಬಣ್ಣ. ಸಭೆಯಲ್ಲಿ ಕುಳಿತವರಿಗೆ ಈ ಎರಡನೇ ಮೆಟ್ಟಿಲಿನ ವ್ಯತ್ಯಾಸ ಕೇಳಿಸುತ್ತದೆ ಎಂದು ನಾನು ನಂಬುವುದಿಲ್ಲ. ವಾರಕ್ಕೆ ನಾಲ್ಕು ಕಾರ್ಯಕ್ರಮ ನುಡಿಸುವವನ ಭುಜಕ್ಕೂ ಮಣಿಕಟ್ಟಿಗೂ ಅದು ತಿಳಿಯುತ್ತದೆ, ಅವನ ಮಟ್ಟಿಗೆ ಅದು ಸಣ್ಣ ಲಾಭವಲ್ಲ. ನಾಲ್ಕೂವರೆ ಕಿಲೋ ವಾದ್ಯವನ್ನು ಮೂರು ಗಂಟೆ ಹೆಗಲಿಗೆ ಹಾಕಿಕೊಂಡು ನಿಂತವರಿಗೆ ಒಂದು ಕಿಲೋ ಕಡಿಮೆಯಾಗುವುದರ ಬೆಲೆ ಗೊತ್ತು.

ಐದು ತಂತಿಯ ಬೇಸ್ ಬೇಕಾದವರು ಇನ್ನೊಂದು ಲೆಕ್ಕ ಹಾಕಬೇಕು. ಅತಿ ಕೆಳಗಿನ ಬಿ ತಂತಿ ಸೆಕೆಂಡಿಗೆ 31 ಬಾರಿಗಿಂತ ತುಸು ಕಡಿಮೆ ಕಂಪಿಸುತ್ತದೆ. 34 ಇಂಚಿನಲ್ಲಿ ಅದು ಸಡಿಲವಾಗಿ, ಸ್ವರದ ಆರಂಭ ಮಸುಕಾಗಿ ಕೇಳಿಸುವುದು ಸಾಮಾನ್ಯ ದೂರು. ಅದೇ ತಂತಿಯನ್ನು ಅದೇ ಸ್ವರಕ್ಕೆ ಏರಿಸಿದರೆ ಎಳೆತ ಉದ್ದದ ವರ್ಗಕ್ಕೆ ಅನುಗುಣವಾಗಿ ಹೆಚ್ಚುತ್ತದೆ, ಅಂದರೆ 34ರಿಂದ 35 ಇಂಚಿಗೆ ಹೋದಾಗ ಸುಮಾರು ಶೇ. 6ರಷ್ಟು, 37 ಇಂಚಿಗೆ ಹೋದಾಗ ಸುಮಾರು ಶೇ. 18ರಷ್ಟು. ಕೆನಡಾದ ಸಸ್ಕಟೂನ್‌ನಲ್ಲಿರುವ ಡಿಂಗ್‌ವಾಲ್ ಸಂಸ್ಥೆ ಫ್ರೆಟ್‌ಗಳನ್ನು ಬೀಸಣಿಗೆಯಂತೆ ಓರೆಯಾಗಿ ಕೂರಿಸಿ ಬಿ ತಂತಿಗೆ 37 ಇಂಚು, ಜಿ ತಂತಿಗೆ 34 ಇಂಚು ಕೊಡುತ್ತದೆ. ಇದೇ ವಿನ್ಯಾಸದ, ಚೀನಾದಲ್ಲಿ ತಯಾರಾಗುವ ಮಾದರಿಗಳನ್ನೂ ಅದು ಮಾರುತ್ತದೆ. ಬಿಗಿಯಾದ ಬಿ ತಂತಿಯೊಂದೇ ನಿಮ್ಮ ಗುರಿಯಾದರೆ, ಮರದ ಸೊಬಗಿನ ಕಸ್ಟಮ್ ವಾದ್ಯಕ್ಕಿಂತ ಆ ಮಾದರಿ ನಿಮ್ಮನ್ನು ಗುರಿಗೆ ಹೆಚ್ಚು ಹತ್ತಿರ ಒಯ್ಯುತ್ತದೆ, ಖರ್ಚೂ ಕಡಿಮೆ.

ಇಷ್ಟೆಲ್ಲ ಹೇಳಿದ ಮೇಲೆ, ಎಷ್ಟು ಹಣ ಕೊಟ್ಟರೂ ಬೇರೆಡೆ ಸಿಗದ ವಸ್ತುವನ್ನು ಮಾಡುವ ಕಾರ್ಯಾಗಾರಗಳೂ ಇವೆ ಎಂಬುದನ್ನು ಒಪ್ಪಲೇಬೇಕು. ಕ್ಯಾಲಿಫೋರ್ನಿಯಾದ ಅಲೆಂಬಿಕ್ 1969ರಲ್ಲಿ ಗ್ರೇಟ್‌ಫುಲ್ ಡೆಡ್ ಎಂಬ ರಾಕ್ ತಂಡದ ಸುತ್ತಲಿನ ಧ್ವನಿ ತಂತ್ರಜ್ಞರಿಂದ ಹುಟ್ಟಿತು. ಅವರ ಪಿಕಪ್‌ಗಳು ಕಡಿಮೆ ಇಂಪೀಡೆನ್ಸ್‌ನವು (ವಿದ್ಯುತ್ ತಡೆ ಕಡಿಮೆ ಇರುವವು), ವಾದ್ಯದೊಳಗೇ ಫಿಲ್ಟರ್‌ಗಳಿವೆ, ಮೇಲ್ವರ್ಗದ ಮಾದರಿಗಳಲ್ಲಿ ಎರಡು ಪಿಕಪ್‌ಗಳ ನಾದವನ್ನು ಬೇರೆ ಬೇರೆಯಾಗಿ ಹೊರಗೆ ಒಯ್ಯಲು ಪ್ರತ್ಯೇಕ ವಿದ್ಯುತ್ ಪೆಟ್ಟಿಗೆಯೂ ಇದೆ. ಬೇಸ್ ವಾದಕ ಸ್ಟ್ಯಾನ್ಲಿ ಕ್ಲಾರ್ಕ್ ಅವರ ಹೊಳಪಾದ, ಪಿಯಾನೋ ತಂತಿಯಂತಹ ನಾದ ಈ ವ್ಯವಸ್ಥೆಯಿಂದ ಬಂದದ್ದು. ಜಾಝ್ ಬೇಸ್‌ಗೆ ಎಂತಹ ಪ್ರೀಆಂಪ್ ಹಾಕಿದರೂ ಅದು ಪೂರ್ತಿಯಾಗಿ ಬರುವುದಿಲ್ಲ. ಬ್ರೂಕ್ಲಿನ್‌ನಲ್ಲಿ 1983ರಲ್ಲಿ ಆರಂಭವಾದ ಫೊಡೇರಾ ಕಾರ್ಯಾಗಾರದ ಕಥೆ ಇನ್ನೊಂದು ರೀತಿಯದು. ಬೇಸ್ ವಾದಕ ಆಂಥನಿ ಜಾಕ್ಸನ್ ಅವರಿಗೆ ಆರು ತಂತಿಯ, ಕೆಳಗಿನ ಬಿಯಿಂದ ಮೇಲಿನ ಸಿ ತನಕದ ಬೇಸ್ ಬೇಕಿತ್ತು. ಅಂತಹ ವಾದ್ಯ ಲೋಕದಲ್ಲೇ ಇರಲಿಲ್ಲ. 1975ರಲ್ಲಿ ವಾದ್ಯ ತಯಾರಕ ಕಾರ್ಲ್ ಥಾಂಪ್ಸನ್ ಮೊದಲನೆಯದನ್ನು ಮಾಡಿಕೊಟ್ಟರು, ಮುಂದೆ ಫೊಡೇರಾದಲ್ಲಿ 36 ಇಂಚಿನ ಉದ್ದಕ್ಕೆ ಅದನ್ನು ಮತ್ತೆ ಮತ್ತೆ ತಿದ್ದಿ ಮಾಡಲಾಯಿತು. ಕಸ್ಟಮ್ ಎಂಬ ಮಾತಿಗೆ ನಿಜವಾದ ಅರ್ಥ ಬರುವುದು ಇಂತಹ ಕಡೆ: ನುಡಿಸುವವನ ತಲೆಯಲ್ಲಿ ಸ್ಪಷ್ಟವಾದ ಅಳತೆ ಇದೆ, ಅಂಗಡಿಯಲ್ಲಿ ಅದು ಇಲ್ಲ. ಫೊಡೇರಾದ ಕಸ್ಟಮ್ ವಾದ್ಯಗಳು ಇಂದು ಹತ್ತು ಸಾವಿರ ಡಾಲರ್ ದಾಟುತ್ತವೆ, ರೂಪಾಯಿಯಲ್ಲಿ ಎಂಟು ಲಕ್ಷಕ್ಕೂ ಮೇಲೆ. ಜಾಕ್ಸನ್ ಅವರಂತಹ ಬೇಡಿಕೆಗೆ ಅದು ನ್ಯಾಯವಾದ ಬೆಲೆ. ನಾಲ್ಕು ತಂತಿಯ, 34 ಇಂಚಿನ, 19 ಮಿಲಿಮೀಟರ್ ತಂತಿ ಅಂತರದ ಬೇಸ್‌ಗೆ ಅಷ್ಟೇ ಬೆಲೆ ಕೊಡುವಾಗ ಹೆಚ್ಚಿನ ಪಾಲು ಕೆಲಸಗಾರಿಕೆಯ ಚೆಲುವಿಗೆ ಹೋಗುತ್ತದೆ. ಚೆಲುವಿಗೆ ಹಣ ಕೊಡುವುದು ತಪ್ಪಲ್ಲ, ಆದರೆ ಕೊಡುತ್ತಿರುವುದು ಅದಕ್ಕೇ ಎಂದು ತಿಳಿದಿರಬೇಕು.

ಬಾಡಿಯ ಮೇಲೆ ಅಂಟಿಸುವ ಅಲೆಅಲೆಯಾದ ಮೇಪಲ್ ಅಥವಾ ಗಂಟುಮರದ ಹಲಗೆಯ ವಿಷಯವೂ ಹೀಗೆಯೇ. ಕೆಲವೇ ಮಿಲಿಮೀಟರ್ ದಪ್ಪದ ಆ ಹಲಗೆ ಬೆಲೆಪಟ್ಟಿಯಲ್ಲಿ ನೂರಾರು ಡಾಲರ್ ಏರಿಸುತ್ತದೆ, ಕಣ್ಣು ಮುಚ್ಚಿ ಕೇಳಿದಾಗ ಅದರ ಸುಳಿವೇ ಇರುವುದಿಲ್ಲ. ಫ್ರೆಟ್‌ಬೋರ್ಡ್‌ನ ಮರದ ಬಗ್ಗೆ ಮಾತ್ರ ನಮಗೆ ಹೆಚ್ಚಿನ ಆಸಕ್ತಿ ಇರಬೇಕು, ಏಕೆಂದರೆ ಅದು ನಮ್ಮ ಮರ. ಜಗತ್ತಿನ ವಾದ್ಯ ತಯಾರಕರು ಇಂಡಿಯನ್ ರೋಸ್‌ವುಡ್ ಎಂದು ಕರೆಯುವುದು ಮಲೆನಾಡಿನ ಬೀಟೆಯನ್ನೇ. ಬ್ರೆಜಿಲ್‌ನ ರೋಸ್‌ವುಡ್ ಸಿಗದಂತಾದ ಮೇಲೆ ಅದರ ಜಾಗಕ್ಕೆ ಬಂದದ್ದು ಇದು, ನಾದದಲ್ಲೂ ಬಾಳಿಕೆಯಲ್ಲೂ ಅದಕ್ಕೇನೂ ಕಡಿಮೆಯಿಲ್ಲ. ಅಳಿವಿನಂಚಿನ ಜೀವಿಗಳ ವ್ಯಾಪಾರವನ್ನು ನಿಯಂತ್ರಿಸುವ ಅಂತರರಾಷ್ಟ್ರೀಯ ಒಪ್ಪಂದ 2017ರ ಜನವರಿಯಲ್ಲಿ ಬೀಟೆಯ ಕುಲವನ್ನೆಲ್ಲ ಪಟ್ಟಿಗೆ ಸೇರಿಸಿದಾಗ ವಾದ್ಯಗಳನ್ನು ಗಡಿ ದಾಟಿಸುವುದು ಕಷ್ಟವಾಗಿತ್ತು. 2019ರ ನವೆಂಬರ್‌ನಿಂದ ಸಿದ್ಧ ವಾದ್ಯಗಳಿಗೆ ವಿನಾಯಿತಿ ಇದೆ. ಬ್ರೆಜಿಲ್‌ನ ಮರಕ್ಕೆ ಆ ವಿನಾಯಿತಿ ಇಲ್ಲ. ವಿದೇಶದ ಕಾರ್ಯಾಗಾರ ಹೆಚ್ಚು ಹಣಕ್ಕೆ ಬ್ರೆಜಿಲ್ ರೋಸ್‌ವುಡ್ ಕೊಡುತ್ತೇನೆಂದರೆ ಬೇಡವೆನ್ನಿ. ಪರವಾನಗಿಯ ತಾಪತ್ರಯ ವಾದ್ಯ ನಿಮ್ಮ ಬಳಿ ಇರುವ ತನಕ ಬಿಡುವುದಿಲ್ಲ.

ಭಾರತದಲ್ಲಿ ನುಡಿಸುವವರು ಗಮನಿಸಲೇಬೇಕಾದ ಒಂದು ಸೂಕ್ಷ್ಮ ಸಂಗತಿ ಇದೆ. ನಮ್ಮ ವಿದ್ಯುತ್ ಪೂರೈಕೆ 50 ಹರ್ಟ್ಝ್‌ನದು. ಇ ತಂತಿಯ ಮೂರನೇ ಫ್ರೆಟ್‌ನ ಜಿ ಸ್ವರ 49 ಹರ್ಟ್ಝ್. ಒಂಟಿ ಸುರುಳಿಯ ಪಿಕಪ್ ಹಿಡಿಯುವ ಗುಂಯ್‌ ಸದ್ದು ಆ ಸ್ವರದ ಪಕ್ಕದಲ್ಲೇ ಕುಳಿತು, ಸೆಕೆಂಡಿಗೆ ಒಮ್ಮೆ ಏರಿಳಿಯುವ ಅಲೆಯೊಂದನ್ನು ಎಬ್ಬಿಸುತ್ತದೆ. ಸ್ಟುಡಿಯೋದಲ್ಲಿ ಜಿ ಶ್ರುತಿಯ ನಿಧಾನಗತಿಯ ಗೀತೆಯೊಂದಕ್ಕೆ ನುಡಿಸುವಾಗ ಇದು ನನ್ನನ್ನು ಒಂದಿಡೀ ಮಧ್ಯಾಹ್ನ ಕಾಡಿತ್ತು. ಹೆಡ್‌ಫೋನ್‌ನಲ್ಲಿ ಸ್ವರ ಉಸಿರಾಡಿದಂತೆ ಕೇಳುತ್ತಿತ್ತು, ತಂತಿಯನ್ನು ಎಷ್ಟು ಸಲ ಶ್ರುತಿ ಮಾಡಿದರೂ ಹೋಗಲಿಲ್ಲ. 60 ಹರ್ಟ್ಝ್‌ನ ಅಮೆರಿಕದಲ್ಲಿ ಆ ಸದ್ದು ಎರಡು ಸ್ವರಗಳ ನಡುವೆ ಬೀಳುವುದರಿಂದ ಅಲ್ಲಿನ ತಯಾರಕರಿಗೆ ಈ ತೊಂದರೆ ಇಷ್ಟು ಕಣ್ಣಿಗೆ ಬೀಳುವುದಿಲ್ಲ. ಕಸ್ಟಮ್ ವಾದ್ಯಕ್ಕೆ ಆರ್ಡರ್ ಕೊಡುವಾಗ ಆ ಗುಂಯ್ ಸದ್ದನ್ನು ಹಿಡಿಯದ ಪಿಕಪ್‌ಗಳನ್ನೂ, ಒಳಗಿನ ಗೂಡುಗಳಿಗೆ ತಾಮ್ರದ ಹಾಳೆಯನ್ನೂ ಕೇಳಿ. ಕಾರ್ಖಾನೆಯ ವಾದ್ಯಕ್ಕೆ ಇವೆರಡನ್ನೂ ಇಲ್ಲೇ ಮಾಡಿಸಬಹುದು ಎಂಬುದೂ ನೆನಪಿರಲಿ.

ಬೆಲೆಯನ್ನು ಹೋಲಿಸುವಾಗ ಡಾಲರಿನ ಅಂಕಿಯನ್ನಷ್ಟೇ ನೋಡಿದರೆ ಮೋಸ ಹೋಗುತ್ತೇವೆ. ವಿಮಾನದ ಸಾಗಣೆ, ವಿಮೆ, ಕಸ್ಟಮ್ಸ್ ಸುಂಕ, ಅದರ ಮೇಲಿನ ಐಜಿಎಸ್‌ಟಿ ಸೇರಿದ ಮೇಲೆ ಬರುವ ಮೊತ್ತವೇ ನಿಜವಾದ ಬೆಲೆ. ಆರ್ಡರ್ ಕೊಡುವ ಮೊದಲೇ ಕ್ಲಿಯರಿಂಗ್ ಏಜೆಂಟ್ ಒಬ್ಬರಿಂದ ಲೆಕ್ಕ ಬರೆಸಿಕೊಳ್ಳಿ. ದೋಷವಿದ್ದರೆ ವಾಪಸು ಕಳುಹಿಸುವ ಖರ್ಚೂ ಅಷ್ಟೇ ಭಾರಿ. ಮಂಗಳೂರು, ಉಡುಪಿಯ ಕಡೆಯವರಿಗೆ ಇನ್ನೊಂದು ಮಾತು: ಮಳೆಗಾಲದ ತೇವದಲ್ಲಿ ಯಾವ ಮರವಾದರೂ ಉಬ್ಬುತ್ತದೆ, ಬೇಸಿಗೆಗೆ ಇಳಿಯುತ್ತದೆ. ಕಾರ್ಬನ್ ಕಡ್ಡಿಗಳಿರುವ ನೆಕ್ ಇಲ್ಲಿ ಅಲಂಕಾರವಾಗಿ ಉಳಿಯದೆ ಅಗತ್ಯವಾಗುತ್ತದೆ. ಟ್ರಸ್ ರಾಡ್‌ನ ತಿರುಪು ನೆಕ್ ಕಳಚದೆ ಕೈಗೆ ಸಿಗುವಂತಿದೆಯೇ ಎಂದೂ ನೋಡಿ, ಏಕೆಂದರೆ ವರ್ಷಕ್ಕೆ ಎರಡು ಸಲವಾದರೂ ಅದನ್ನು ತಿರುಗಿಸಬೇಕಾಗುತ್ತದೆ. ಮರುಮಾರಾಟದಲ್ಲಿ ಫೆಂಡರ್, ಮ್ಯೂಸಿಕ್ ಮ್ಯಾನ್, ಯಮಾಹಾದಂತಹ ಪರಿಚಿತ ಹೆಸರುಗಳಿಗೆ ಗಿರಾಕಿ ಬೇಗ ಸಿಗುತ್ತಾರೆ. ನಿಮ್ಮ ಕೈಯ ಅಳತೆಗೆ ಮಾಡಿಸಿದ ವಾದ್ಯಕ್ಕೆ ನಿಮ್ಮಂತಹುದೇ ಕೈಯ ಗಿರಾಕಿ ಬೇಕು.

ನಾನೂ ಒಮ್ಮೆ ವಿದೇಶದ ಸಣ್ಣ ಕಾರ್ಯಾಗಾರವೊಂದಕ್ಕೆ ಐದು ತಂತಿಯ ಬೇಸ್ ಮಾಡಿಕೊಡಲು ಹೇಳಿದ್ದೆ. ‘ನೆಕ್ ತೆಳುವಾಗಿರಲಿ, ತಂತಿಗಳು ತುಂಬಾ ದೂರ ದೂರ ಇರುವುದು ಬೇಡ’ ಎಂದು ಬರೆದಿದ್ದೆ. ಹದಿನಾಲ್ಕು ತಿಂಗಳಾದ ಮೇಲೆ ಬಂದ ವಾದ್ಯದ ಕೆಲಸ ನಿರ್ದೋಷವಾಗಿತ್ತು, ಆದರೆ ಅವರ ‘ತೆಳು’ ನನ್ನ ಕೈಗೆ ದಪ್ಪ, ಅವರ ‘ಹತ್ತಿರ’ ನನ್ನ ಬೆರಳಿಗೆ ದೂರ. ಹೆಬ್ಬೆರಳಿನ ಬುಡದಲ್ಲಿ ನೋವು ಆರಂಭವಾಗಲು ಎರಡು ತಿಂಗಳು ಸಾಕಾಯಿತು. ಕಾಗದದ ಮೇಲೆ ಅಂಕಿಯೇ ಇಲ್ಲದ್ದರಿಂದ ಕಾರ್ಯಾಗಾರ ಹೊಣೆ ಹೊರಲಿಲ್ಲ, ಮಾರುವಾಗ ಕೊಟ್ಟದ್ದರಲ್ಲಿ ಅರ್ಧವೂ ಕೈಗೆ ಬರಲಿಲ್ಲ.

ಆಮೇಲೆ ನಾನು ಮಾಡಿದ್ದನ್ನೇ ಈಗ ಕೇಳಿದವರಿಗೆಲ್ಲ ಹೇಳುತ್ತೇನೆ. ಗೆಳೆಯರ ಬಳಿಯಿದ್ದ ಒಂಬತ್ತು ಬೇಸ್‌ಗಳನ್ನು ಒಂದೊಂದು ವಾರ ಎರವಲು ತಂದು ನುಡಿಸಿದೆ. ಕೈಗೆ ಹಿತವೆನಿಸಿದವುಗಳನ್ನು ವರ್ನಿಯರ್ ಕ್ಯಾಲಿಪರ್‌ನಿಂದ ಅಳೆದು ಒಂದು ಹಾಳೆಯಲ್ಲಿ ಬರೆದೆ: ನಟ್ ಬಳಿ ನೆಕ್‌ನ ಅಗಲ, ಒಂದನೇ ಮತ್ತು ಹನ್ನೆರಡನೇ ಫ್ರೆಟ್ ಬಳಿ ನೆಕ್‌ನ ದಪ್ಪ, ಕುದುರೆಯ ಬಳಿ ತಂತಿಗಳ ನಡುವಿನ ಅಂತರ, ಒಟ್ಟು ತೂಕ, ಬೆಲ್ಟ್ ಹಾಕಿ ಕೈ ಬಿಟ್ಟಾಗ ತಲೆ ಕೆಳಗೆ ಜಗ್ಗುತ್ತದೆಯೇ ಇಲ್ಲವೇ. ಮತ್ತೊಂದು ಕಸ್ಟಮ್ ಆರ್ಡರ್‌ಗೆಂದು ಸಿದ್ಧಪಡಿಸಿದ ಆ ಹಾಳೆಯನ್ನು ನನ್ನ ರಿಪೇರಿಯವರ ಮುಂದೆ ಇಟ್ಟಾಗ ಅವರು ಎರಡು ಸಲ ಓದಿ, ಒಳಗಿನಿಂದ ಯಾರೋ ಮಾರಾಟಕ್ಕೆ ಬಿಟ್ಟಿದ್ದ ಹಳೆಯ ಜಪಾನಿ ಕಾರ್ಖಾನೆಯ ಐದು ತಂತಿಯ ಬೇಸ್ ಒಂದನ್ನು ತಂದು ಕ್ಯಾಲಿಪರ್ ಕೈಗೆ ಕೊಟ್ಟರು. ತಂತಿಗಳ ಅಂತರ ನಾನು ಬರೆದದ್ದಕ್ಕೆ ಅರ್ಧ ಮಿಲಿಮೀಟರ್ ಮಾತ್ರ ವ್ಯತ್ಯಾಸ, ಉಳಿದದ್ದೆಲ್ಲ ಹೊಂದುತ್ತಿತ್ತು. ಜಿ ತಂತಿಯ ಆರನೇ ಫ್ರೆಟ್ ಸ್ವಲ್ಪ ಮಂಕು, ಆದರೆ ಸತ್ತಿರಲಿಲ್ಲ. ಅಂದು ಸಂಜೆಯೇ ಅದನ್ನು ಕೊಂಡೆ. ಈ ಏಳು ವರ್ಷಗಳಲ್ಲಿ ಅದರ ಫ್ರೆಟ್‌ಗಳನ್ನು ಒಮ್ಮೆ ಬದಲಿಸಿದ್ದೇನೆ, ಹಾಳೆ ಇನ್ನೂ ಅದರ ಪೆಟ್ಟಿಗೆಯಲ್ಲೇ ಇದೆ.